ಸಿಪಾಯಿಯ ಸಂಬಳ, ರೈತನ ತೀರ್ವೆ

ಕಾರ್ಕಳದಲ್ಲಿ ನಾನು ಚರಿತ್ರೆಯ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಕೇಳಿದ್ದ: "ಸರ್, ಅರಸನ ಕಣಜದಲ್ಲಿ ಅಕ್ಕಿ ಇರುವಾಗ ನಾಣ್ಯ ಯಾಕೆ ಬೇಕು?" "ವ್ಯಾಪಾರಕ್ಕೆ" ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಅದು ಅರ್ಧ ಉತ್ತರ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ದೊಡ್ಡ ರಾಜ್ಯಗಳಿಗೆ ನಾಣ್ಯ ಬಹುವಾಗಿ ಬೇಕಾಗುತ್ತಿದ್ದುದು ಸೈನಿಕರ ಸಂಬಳಕ್ಕೆ. ರೋಮಿನ ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳ ಸಂಬಳ, ಮೂರು ಕಂತುಗಳಲ್ಲಿ. ಗಡಿಯ ಸೈನಿಕ ಅದನ್ನು ಖರ್ಚು ಮಾಡುತ್ತಿದ್ದ. ದೂರದ ಪ್ರಾಂತ್ಯದ ರೈತ ತೆರಿಗೆಗೆ ನಾಣ್ಯ ಹೊಂದಿಸಲು ತನ್ನ ಧಾನ್ಯ, ಎಣ್ಣೆಗಳನ್ನು ಮಾರಬೇಕಾಗುತ್ತಿತ್ತು. ಹೀಗೆ ತೆರಿಗೆಯೇ ವ್ಯಾಪಾರವನ್ನು ಬೆಳೆಸಿತೆಂದು ಇತಿಹಾಸಕಾರ ಕೀತ್ ಹಾಪ್ಕಿನ್ಸ್ 1980ರಲ್ಲಿ ವಾದಿಸಿದರು.

ನಮ್ಮ ನಾಡಿನಲ್ಲಿಯೂ ಇಂಥದೇ ವ್ಯವಸ್ಥೆಯಿತ್ತು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ಮೂಲಕ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಅಲ್ಲಿ ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಸಲ್ಲುತ್ತದೆಂದು ಅವನು ಬರೆದಿದ್ದಾನೆ. ರೋಮಿನಂತೆಯೇ ವರ್ಷಕ್ಕೆ ಮೂರು ಬಾರಿ! ಅವನು ಹೆಸರಿಸಿದ ಸಣ್ಣ ಚಿನ್ನದ ನಾಣ್ಯವೇ ನಾವು ಇಂದಿಗೂ ಆಡುವ 'ಹಣ' ಎಂಬ ಮಾತು. ಆ ಸಾಮ್ರಾಜ್ಯಕ್ಕೆ ಸೇರಿದ್ದ ಬಾರಕೂರು ರಾಜ್ಯದ ಶಾಸನಗಳಲ್ಲಿ 'ಬಾರಕೂರು ಗದ್ಯಾಣ'ದ ಉಲ್ಲೇಖವಿದೆ. ಕರಾವಳಿಯ ಅಕ್ಕಿ ಹಡಗೇರಿ ಹೊರನಾಡಿಗೆ ಹೋಗುತ್ತಿದ್ದುದರಿಂದ ಇಲ್ಲಿಗೆ ನಾಣ್ಯವೂ ಬರುತ್ತಿತ್ತು.

ಆದರೆ ಪೇಟೆ, ಬಂದರುಗಳಿಂದ ದೂರವಿದ್ದವರ ಗತಿಯೇನು? 1834ರಲ್ಲಿ ಕಂಪೆನಿ ಸರಕಾರವು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಬಂದವು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪೆನಿಯು ನಗದಿನಲ್ಲಿಯೇ ಕೇಳಿತು. ಅದರ ಸಿಪಾಯಿಗಳಿಗೂ ಸಂಬಳ ಸಲ್ಲಬೇಕಿತ್ತಲ್ಲ! 1837ರ ಏಪ್ರಿಲಿನಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದುಬಂದುದಕ್ಕೆ ಇದೂ ಒಂದು ಮುಖ್ಯ ಕಾರಣ.

ನನ್ನ ಬಾಲ್ಯದಲ್ಲಿ ತೀರ್ವೆಯ ಕಿಸ್ತು ಹತ್ತಿರ ಬಂದಾಗ ಅಪ್ಪ ಅಕ್ಕಿ ಮುಡಿಗಳನ್ನು ಕ್ರಯ ಇಳಿದಿದ್ದರೂ ಮಾರಿಬಿಡುತ್ತಿದ್ದರು. ಮಳೆಗಾಲದಲ್ಲಿ ಅದೇ ಅಂಗಡಿಯಿಂದ ಹೆಚ್ಚು ಕ್ರಯ ತೆತ್ತು ಅಕ್ಕಿ ತರುತ್ತಿದ್ದರು. ಮಾತನಾಡುತ್ತಿರಲಿಲ್ಲ. ಅಮ್ಮ ಮಾತ್ರ ಮುಡಿಗಳನ್ನು ಎಣಿಸಿ ನಿಟ್ಟುಸಿರು ಬಿಡುತ್ತಿದ್ದಳು.

ನಾಣ್ಯದಿಂದ ಪೇಟೆ ಬೆಳೆಯಿತು, ಸತ್ಯ. ಅದನ್ನು ಹೊಂದಿಸುವ ಕಷ್ಟ ಮಾತ್ರ ಬೆಳೆದವನದೇ ಆಗಿತ್ತು. ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ, ತಡವಾದ ಈ ಉತ್ತರವನ್ನು ಸ್ವೀಕರಿಸಲಿ.