ಉಪನ್ಯಾಸವೇ ಪರೀಕ್ಷೆಗೆ ಕುಳಿತಾಗ

ಸರಕು ತುಂಬಿದ ಲಾರಿಯೊಂದು ಸಣ್ಣ ಕಾರಿಗೆ ಎದುರಿನಿಂದ ಡಿಕ್ಕಿ ಹೊಡೆಯಿತು ಎನ್ನೋಣ. ಡಿಕ್ಕಿಯ ಕ್ಷಣದಲ್ಲಿ ಲಾರಿಯು ಕಾರಿನ ಮೇಲೆ ಹಾಕುವ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕುವ ಬಲ ಹೆಚ್ಚೋ? ಎರಡೂ ಸಮ. ನ್ಯೂಟನ್ನನ ಮೂರನೆಯ ನಿಯಮ ಹೇಳುವುದು ಇದನ್ನೇ. ಕಾರಿನ ರಾಶಿ ಕಡಿಮೆ. ಆದ್ದರಿಂದ ಅಷ್ಟೇ ಬಲಕ್ಕೆ ಅದರ ವೇಗ ಹೆಚ್ಚು ಬದಲಾಗುತ್ತದೆ, ಅದು ಹಿಂದಕ್ಕೆ ಎಸೆಯಲ್ಪಡುತ್ತದೆ. ಈ ನಿಯಮವನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ 'ಲಾರಿಯ ಬಲವೇ ಹೆಚ್ಚು' ಎಂದು ಬರೆಯುವುದುಂಟು. ಸಂದೇಹವಿದ್ದರೆ ಓದುಗರು ತಮ್ಮ ತರಗತಿಯಲ್ಲೇ ಕೇಳಿ ನೋಡಬಹುದು.

ಇಂತಹ ಸರಳ ಪ್ರಶ್ನೆಗಳೇ ವಿಶ್ವವಿದ್ಯಾಲಯದ ಬೋಧನಾ ಕ್ರಮವನ್ನು ಅಲುಗಾಡಿಸಿದವು.

ಓದಿ ಹೇಳುವ ಪದ್ಧತಿ

ಇಂಗ್ಲಿಷಿನ 'ಲೆಕ್ಚರ್' ಎಂಬ ಪದದ ಮೂಲ ಲ್ಯಾಟಿನ್ ಭಾಷೆಯದು. ಅದರ ಅರ್ಥ 'ಓದುವುದು'. ಯೂರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಪುಸ್ತಕಗಳೆಂದರೆ ಕೈಬರಹದ ಪ್ರತಿಗಳು, ಬಹಳ ದುಬಾರಿ. ಗುರು ಪುಸ್ತಕವನ್ನು ಓದಿ ವ್ಯಾಖ್ಯಾನಿಸುತ್ತಿದ್ದ, ಶಿಷ್ಯರು ಕೇಳುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ವ್ಯವಸ್ಥೆಯೇ ಆಗಿತ್ತು. 15ನೆಯ ಶತಮಾನದಲ್ಲಿ ಅಚ್ಚಿನ ಯಂತ್ರ ಬಂದು ಪುಸ್ತಕಗಳು ಅಗ್ಗವಾದವು. ಆದರೆ ಓದಿ ಹೇಳುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ಪ್ರಯೋಗಶಾಲೆಯಲ್ಲಿ ಪುರಾವೆಯಿಲ್ಲದೆ ಒಂದು ಮಾತನ್ನೂ ಒಪ್ಪದ ವಿಜ್ಞಾನಿ, ಪಾಠದ ಕೋಣೆಗೆ ಬಂದಾಗ ತನ್ನ ಬೋಧನೆ ಫಲ ಕೊಡುತ್ತಿದೆ ಎಂಬುದನ್ನು ಪುರಾವೆಯಿಲ್ಲದೆಯೇ ನಂಬಿಬಿಡುತ್ತಿದ್ದ!

ಈ ನಂಬಿಕೆಯನ್ನು ಅಳತೆಗೆ ಒಡ್ಡಿದವರಲ್ಲಿ ಪ್ರಮುಖರು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲೌನ್ ಮತ್ತು ಡೇವಿಡ್ ಹೆಸ್ಟೆನಿಸ್. ಚಲನೆ ಮತ್ತು ಬಲವನ್ನು ಕುರಿತು ಲೆಕ್ಕವೇ ಇಲ್ಲದ, ಬಹು ಆಯ್ಕೆಯ ಪ್ರಶ್ನೆಗಳನ್ನು ಅವರು ರಚಿಸಿದರು. ತಪ್ಪು ಉತ್ತರಗಳನ್ನು ಅವರು ಸುಮ್ಮನೆ ಕಲ್ಪಿಸಿಕೊಂಡದ್ದಲ್ಲ. ವಿದ್ಯಾರ್ಥಿಗಳು ನಿಜವಾಗಿ ಕೊಡುತ್ತಿದ್ದ ತಪ್ಪು ಉತ್ತರಗಳನ್ನೇ ಆಯ್ಕೆಗಳಾಗಿ ಇಟ್ಟರು. ಪಾಠಕ್ಕೆ ಮೊದಲೊಮ್ಮೆ, ಪಾಠ ಮುಗಿದ ಮೇಲೊಮ್ಮೆ ಪರೀಕ್ಷಿಸಿದರು. 1985ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕವಾಗಿತ್ತು. ಒಂದು ಸೆಮಿಸ್ಟರಿನ ಉಪನ್ಯಾಸದ ನಂತರವೂ ವಿದ್ಯಾರ್ಥಿಗಳ ಮೂಲ ಗ್ರಹಿಕೆ ಹೆಚ್ಚು ಬದಲಾಗಿರಲಿಲ್ಲ. ಪಾಠ ಮಾಡಿದವರು ಯಾರು ಎಂಬುದರಿಂದಲೂ ವ್ಯತ್ಯಾಸ ಕಾಣಲಿಲ್ಲ. ಈ ಪರೀಕ್ಷೆಯ ಸುಧಾರಿತ ರೂಪವೇ 1992ರಲ್ಲಿ ಪ್ರಕಟವಾದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ'.

ಹಾರ್ವರ್ಡಿನ ಅನುಭವ

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ನೆದರ್ಲೆಂಡ್ಸ್‌ನಿಂದ ಬಂದ ಭೌತವಿಜ್ಞಾನಿ, ಲೇಸರ್ ಸಂಶೋಧಕ. 1984ರಿಂದ ಅವರು ವೈದ್ಯಕೀಯಕ್ಕೆ ಹೋಗಲಿರುವ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳು ಅವರ ಪಾಠವನ್ನು ಮೆಚ್ಚುತ್ತಿದ್ದರು, ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. 1990ರಲ್ಲಿ ಹಲೌನ್ ಮತ್ತು ಹೆಸ್ಟೆನಿಸ್ ಅವರ ಲೇಖನ ಓದಿದಾಗ ಮಜೂರ್ ಅವರಿಗೆ ಬಂದ ಮೊದಲ ಯೋಚನೆ, ಇದು ಬೇರೆ ಕಡೆಯ ಕಥೆ, ಹಾರ್ವರ್ಡಿನದಲ್ಲ ಎಂಬುದು. ಆದರೂ ಪರೀಕ್ಷೆ ಕೊಟ್ಟು ನೋಡಿದರು. ಪರೀಕ್ಷೆಯ ನಡುವೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದ ಪ್ರಶ್ನೆ ಇಂದಿಗೂ ಪ್ರಸಿದ್ಧ. ಈ ಪ್ರಶ್ನೆಗಳಿಗೆ ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಆಕೆ ಕೇಳಿದ್ದಳು. ಬೋಧನೆಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆ ಸಿಗುವುದು ಕಷ್ಟ.

ಮಜೂರ್ ಇನ್ನೊಂದು ಪ್ರಯೋಗ ಮಾಡಿದರು. ಒಂದೇ ಪ್ರಶ್ನೆಪತ್ರಿಕೆಯಲ್ಲಿ ವಿದ್ಯುತ್ ಮಂಡಲಗಳ ಎರಡು ಪ್ರಶ್ನೆಗಳಿದ್ದವು. ಒಂದರಲ್ಲಿ ಹಲವು ರೋಧಕಗಳಿರುವ ಮಂಡಲದ ಸಮೀಕರಣಗಳನ್ನು ಬರೆದು ವಿದ್ಯುತ್ ಪ್ರವಾಹ ಕಂಡುಹಿಡಿಯಬೇಕು. ಇನ್ನೊಂದರಲ್ಲಿ ಲೆಕ್ಕವಿಲ್ಲ. ಒಂದೇ ತೆರನಾದ ಮೂರು ಬಲ್ಬುಗಳು ಸರಣಿಯಲ್ಲಿವೆ. ಮೂರನೆಯದಕ್ಕೆ ಅಡ್ಡಲಾಗಿರುವ ಸ್ವಿಚ್ಚನ್ನು ಮುಚ್ಚಿದರೆ ಬಲ್ಬುಗಳ ಬೆಳಕು ಏನಾಗುತ್ತದೆ? (ಮೂರನೆಯದು ಆರುತ್ತದೆ, ಉಳಿದೆರಡು ಹೆಚ್ಚು ಪ್ರಕಾಶಮಾನವಾಗುತ್ತವೆ.) ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದದ್ದು ಕಷ್ಟವೆನಿಸುವ ಮೊದಲನೆಯದರಲ್ಲಿ! ಅವರಿಗೆ ಸಮೀಕರಣ ಬಿಡಿಸುವ ವಿಧಾನ ಗೊತ್ತಿತ್ತು, ಮಂಡಲದಲ್ಲಿ ಏನು ನಡೆಯುತ್ತಿದೆ ಎಂಬುದು ಗೊತ್ತಿರಲಿಲ್ಲ.

ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಪ್ರಶ್ನೆಯನ್ನು ಎರಡು ರೀತಿಯಲ್ಲಿ ವಿವರಿಸಿದರೂ ತರಗತಿಗೆ ಅರ್ಥವಾಗಲಿಲ್ಲ. ದಾರಿ ಕಾಣದೆ ಮಜೂರ್, ನೀವು ನೀವೇ ಮಾತಾಡಿಕೊಳ್ಳಿ ಎಂದರು. ಕೋಣೆ ಗದ್ದಲಮಯವಾಯಿತು, ಆದರೆ ಕೆಲವೇ ನಿಮಿಷಗಳಲ್ಲಿ ಹೆಚ್ಚಿನವರು ಸರಿಯಾದ ಉತ್ತರಕ್ಕೆ ಬಂದಿದ್ದರು. ಈಗತಾನೇ ಅರ್ಥಮಾಡಿಕೊಂಡವನಿಗೆ ತಾನು ಎಡವಿದ ಜಾಗ ಇನ್ನೂ ನೆನಪಿರುತ್ತದೆ. ಪ್ರಾಧ್ಯಾಪಕರು ಅದನ್ನು ಎಂದೋ ಮರೆತಿರುತ್ತಾರೆ.

1991ರಿಂದ ಇದು ಒಂದು ಕ್ರಮಬದ್ಧ ವಿಧಾನವಾಯಿತು. ಇದರ ಹೆಸರು 'ಪೀರ್ ಇನ್‌ಸ್ಟ್ರಕ್ಷನ್'. ನಾವು ಸಹಪಾಠಿ ಬೋಧನೆ ಎನ್ನಬಹುದು. ವಿದ್ಯಾರ್ಥಿಗಳು ಪಾಠವನ್ನು ಮೊದಲೇ ಓದಿಕೊಂಡು ಬರಬೇಕು. ತರಗತಿಯಲ್ಲಿ ಕಿರು ವಿವರಣೆಯ ನಂತರ ಪರಿಕಲ್ಪನೆಯ ಪ್ರಶ್ನೆ. ಪ್ರತಿಯೊಬ್ಬರೂ ಒಂದೆರಡು ನಿಮಿಷ ತಾವೇ ಯೋಚಿಸಿ ಉತ್ತರ ಸೂಚಿಸುತ್ತಾರೆ. ಸರಿಯುತ್ತರ ಕೊಟ್ಟವರು ಸುಮಾರು ಶೇಕಡ 30ರಿಂದ 70ರಷ್ಟಿದ್ದರೆ ಪಕ್ಕದವರೊಡನೆ ಚರ್ಚೆ, ನಂತರ ಮತ್ತೊಮ್ಮೆ ಮತದಾನ, ಕೊನೆಗೆ ವಿವರಣೆ. ತೀರಾ ಕಡಿಮೆ ಮಂದಿ ಸರಿಯಿದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ಶಿಕ್ಷಕರು ಮತ್ತೆ ವಿವರಿಸಬೇಕು. ಬಹುತೇಕ ಎಲ್ಲರೂ ಸರಿಯಿದ್ದರೆ ಮುಂದಕ್ಕೆ ಹೋಗಬಹುದು.

ಅಂಕಿ ಅಂಶಗಳು

ಫಲಿತಾಂಶವನ್ನು ಅಳೆಯಲು ಒಂದು ಸೂಚ್ಯಂಕ ಬಳಕೆಗೆ ಬಂದಿತು. ಮೊದಲ ಪರೀಕ್ಷೆಯಲ್ಲಿ ಸರಾಸರಿ 40 ಅಂಕವಿದ್ದರೆ ಗಳಿಸಲು ಉಳಿದಿರುವುದು 60. ಅದರಲ್ಲಿ 15 ಗಳಿಸಿದರೆ ಗಳಿಕೆ 0.25. ಇಂಡಿಯಾನಾ ವಿಶ್ವವಿದ್ಯಾಲಯದ ರಿಚರ್ಡ್ ಹೇಕ್ 62 ತರಗತಿಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಕಲೆಹಾಕಿ 1998ರಲ್ಲಿ ಪ್ರಕಟಿಸಿದರು. ಸಾಂಪ್ರದಾಯಿಕ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ಪಾಲ್ಗೊಳ್ಳುವ ತರಗತಿಗಳದ್ದು 0.48. ಹಾರ್ವರ್ಡಿನಲ್ಲೂ 1990ರ ಗಳಿಕೆ 1991ರಲ್ಲಿ ದುಪ್ಪಟ್ಟಾಗಿತ್ತು. ಈ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬ ಬಗ್ಗೆ 1995ರಲ್ಲೇ ವಿವಾದ ನಡೆದಿತ್ತು ಎಂಬುದನ್ನೂ ಹೇಳಬೇಕು.

ಒಂದು ಆಕ್ಷೇಪಣೆ ಮಾತ್ರ ಗಂಭೀರವಾದುದು. ಚರ್ಚೆಯ ನಂತರ ಸರಿಯುತ್ತರ ಹೆಚ್ಚುವುದು ಜಾಣನನ್ನು ನೋಡಿ ಉಳಿದವರು ಅನುಸರಿಸುವುದರಿಂದ ಇರಬಾರದೇಕೆ? ನಮ್ಮ ಅಧ್ಯಾಪಕರೂ ಮೊದಲು ಕೇಳುವುದು ಇದನ್ನೇ. ಕೊಲರಾಡೊ ವಿಶ್ವವಿದ್ಯಾಲಯದ ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು 2009ರಲ್ಲಿ ತಳಿವಿಜ್ಞಾನದ ತರಗತಿಯಲ್ಲಿ ಇದನ್ನು ಜಾಣ್ಮೆಯಿಂದ ಪರಿಶೀಲಿಸಿದರು. ಚರ್ಚೆಯಾದ ಕೂಡಲೇ, ಸರಿಯುತ್ತರವನ್ನು ತಿಳಿಸದೆ, ಅದೇ ತತ್ತ್ವದ ಆದರೆ ಬೇರೆ ರೂಪದ ಎರಡನೆಯ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಒಂಟಿಯಾಗಿ ಕೊಟ್ಟರು. ಸುಮ್ಮನೆ ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳಬೇಕಿತ್ತು. ಹಾಗಾಗಲಿಲ್ಲ, ಸರಿಯುತ್ತರಗಳು ಹೆಚ್ಚಿದವು. ಗುಂಪಿನಲ್ಲಿ ಯಾರಿಗೂ ಮೊದಲು ಉತ್ತರ ಗೊತ್ತಿರದಿದ್ದಾಗಲೂ ಚರ್ಚೆ ನೆರವಾಗಿತ್ತು ಎಂದು ವಿಶ್ಲೇಷಣೆ ತೋರಿಸಿತು.

ಉಪಕರಣಗಳ ವಿಷಯಕ್ಕೆ ಬಂದರೆ, ಗುಂಡಿ ಒತ್ತಿ ಮತ ಹಾಕುವ 'ಕ್ಲಿಕರ್'ಗಳನ್ನೂ ಎ, ಬಿ, ಸಿ, ಡಿ ಎಂದು ಬರೆದ ರಟ್ಟಿನ ಕಾರ್ಡುಗಳನ್ನೂ ಹೋಲಿಸಿದ 2008ರ ಅಧ್ಯಯನದಲ್ಲಿ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಹಣವಿಲ್ಲದ ಕಾಲೇಜುಗಳಿಗೆ ಇದು ಶುಭ ಸಮಾಚಾರ. ತರಗತಿ ದೊಡ್ಡದು ಎಂಬುದೂ ಅಡ್ಡಿಯಾಗಬೇಕಿಲ್ಲ. ಮುಂಬಯಿಯ ಐಐಟಿಯಲ್ಲಿ ನೂರಾರು ವಿದ್ಯಾರ್ಥಿಗಳಿರುವ ಕಂಪ್ಯೂಟರ್ ಪ್ರೋಗ್ರಾಮಿಂಗ್ ತರಗತಿಯಲ್ಲಿ 'ಯೋಚಿಸು, ಜೋಡಿಯಾಗು, ಹಂಚಿಕೊ' ಎಂಬ ಇದೇ ಜಾತಿಯ ವಿಧಾನವನ್ನು ಬಳಸಿದ ವಿವರ 2013ರಲ್ಲಿ ಪ್ರಕಟವಾಯಿತು.

ಹೆಚ್ಚು ಸುದ್ದಿ ಮಾಡಿದ್ದು 2011ರ ಕೆನಡಾ ಪ್ರಯೋಗ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೈಮನ್ ಅವರ ತಂಡ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎರಡು ದೊಡ್ಡ ತರಗತಿಗಳನ್ನು ಒಂದು ವಾರ ಹೋಲಿಸಿತು. ಒಂದರಲ್ಲಿ ಅನುಭವಿ, ಜನಪ್ರಿಯ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದರಲ್ಲಿ ಬೋಧನೆಯ ಅನುಭವ ಅಷ್ಟಾಗಿ ಇಲ್ಲದ ಯುವ ಸಂಶೋಧಕ, ಆದರೆ ಪ್ರಶ್ನೆ ಮತ್ತು ಚರ್ಚೆಯ ವಿಧಾನ. ವಾರದ ಕೊನೆಯ ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇಕಡ 41, ಎರಡನೆಯದರದ್ದು ಶೇಕಡ 74. 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದರ ಪ್ರಕಾರ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇಕಡ 33.8ರಷ್ಟು ಮಂದಿ ಅನುತ್ತೀರ್ಣರಾದರೆ, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇಕಡ 21.8.

ಇಷ್ಟಾದರೂ ಉಪನ್ಯಾಸ ಅಳಿದಿಲ್ಲ. ಉತ್ತರ ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ವಿಜ್ಞಾನ ತರಗತಿಗಳನ್ನು ಗಮನಿಸಿದ 2018ರ ಅಧ್ಯಯನದಲ್ಲಿ ಶೇಕಡ 55ರಷ್ಟು ಬಹುಪಾಲು ಉಪನ್ಯಾಸಗಳೇ ಆಗಿದ್ದವು. ಪಠ್ಯ ಮುಗಿಸುವ ಒತ್ತಡ ಇದಕ್ಕೊಂದು ಕಾರಣವೆಂದು ಹೇಳುವುದುಂಟು. ಇನ್ನೊಂದು ಕಾರಣದ ಸುಳಿವು 2019ರಲ್ಲಿ ಹಾರ್ವರ್ಡಿನಿಂದಲೇ ಬಂದಿತು. ಒಂದೇ ಪಾಠವನ್ನು ಎರಡು ರೀತಿಯಲ್ಲಿ ಕಲಿಸಿ ಪರೀಕ್ಷಿಸಿದಾಗ ಚರ್ಚೆಯ ತರಗತಿಯವರು ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ನಿರರ್ಗಳವಾದ ಉಪನ್ಯಾಸ ಕೇಳಿದವರಿಗೆ ಎಲ್ಲವೂ ಅರ್ಥವಾದಂತೆ ತೋರುತ್ತದೆ. ತಾವೇ ತಿಣುಕಾಡಿದವರಿಗೆ ತಮ್ಮ ತೊಡಕುಗಳೇ ಕಣ್ಣಿಗೆ ಕಟ್ಟುತ್ತವೆ. ಆದ್ದರಿಂದ ಸೆಮಿಸ್ಟರಿನ ಆರಂಭದಲ್ಲೇ ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು ಎಂದು ಆ ಸಂಶೋಧಕರು ಸೂಚಿಸಿದ್ದಾರೆ.