ಏಳು ಮಕ್ಕಳ ಸಾಲಿ

ವೇಲ್ಸ್ ಅಂದ್ರ ಇಂಗ್ಲೆಂಡಿನ ಮಗ್ಗಲಿಗೇ ಇರೋ ಸಣ್ಣ ದೇಶ. ಅಲ್ಲಿಯ ಹಳೇ ಮನಿಮಾತು ವೆಲ್ಷ್. ಇಂಗ್ಲಿಷ್ ಬಲ್ಲವರಿಗೆ ಅದು ಕೇಳಿದ್ರ ಏನೂ ತಿಳಿಯಂಗಿಲ್ಲ, ಅಷ್ಟು ಬ್ಯಾರೆ.

ಹತ್ತೊಂಬತ್ತನೇ ಶತಮಾನದಾಗ ಅಲ್ಲಿ ಎಷ್ಟೋ ಸಾಲ್ಯಾಗ ಒಂದು ಪದ್ಧತಿ ಇತ್ತರೀ. ಯಾವ ಮಗು ವೆಲ್ಷ್ ಮಾತಾಡಿ ಸಿಕ್ಕಬೀಳ್ತದೋ ಅದರ ಕೊಳ್ಳಾಗ ಒಂದು ಕಟಗಿ ತುಂಡು ಹಾಕತಿದ್ರು. 'ವೆಲ್ಷ್ ನಾಟ್' ಅಂತ ಅದರ ಹೆಸರು. ಆಮ್ಯಾಲೆ ಇನ್ನೊಂದು ಮಗು ಮಾತಾಡಿದ್ರ ಅದರ ಕೊಳ್ಳಿಗೆ. ಸಂಜಿಗೆ ಯಾರ ಕೊಳ್ಳಾಗ ಉಳೀತದೋ ಅವರಿಗೆ ಛಡಿ ಏಟು. ಅವ್ವನ ತೊಡಿ ಮ್ಯಾಲೆ ಕಲಿತ ಮಾತಿಗೆ ಶಿಕ್ಷಾ! ಹಂಗಂತ ಮಾಸ್ತರರನ್ನಷ್ಟೇ ಬೈಯೂ ಹಂಗಿಲ್ಲ. ಇಂಗ್ಲಿಷ್ ಬಂದ್ರ ನೌಕರಿ ಸಿಗ್ತದ ಅಂತ ಎಷ್ಟೋ ತಾಯಿ-ತಂದಿನೂ ಒಪ್ಪಿದ್ರು.

ಆ ಕಟಗಿ ಹೊತ್ತವರೊಳಗ ಓ. ಎಂ. ಎಡ್ವರ್ಡ್ಸ್ ಒಬ್ಬರು. 1907ರಾಗ ಅವರೇ ವೇಲ್ಸಿನ ಸಾಲಿಗಳಿಗೆ ಮುಖ್ಯ ಇನ್‌ಸ್ಪೆಕ್ಟರ್ ಆದ್ರು. ಸಾಲ್ಯಾಗ ವೆಲ್ಷ್ ಕಲಿಸ್ರಿ ಅಂತ ಹಟ ಹಿಡದ್ರು. ಅವರ ಮಗ ಇವಾನ್, 1922ರಾಗ ಮಕ್ಕಳಿಗಾಗಿ 'ಇರ್ದ್' ಅನ್ನೋ ಸಂಘ ಕಟ್ಟಿದ್ರು.

1939ರಾಗ ಯುದ್ಧ ಸುರು ಆತು. ಬಾಂಬಿನ ಅಂಜಿಕಿಗೆ ಲಿವರ್‌ಪೂಲ್ ಕಡೆ ಮಕ್ಕಳನ್ನ ಅಬರಿಸ್ಟ್ವಿತ್ ಊರಿಗೆ ಕಳಿಸಿದ್ರು. ಪಾಪ, ಆ ಮಕ್ಕಳದೇನೂ ತಪ್ಪಿಲ್ಲ ಬಿಡ್ರಿ. ಆದ್ರ ಸಾಲಿ ತುಂಬ ಇಂಗ್ಲಿಷೇ ಆಗಿಬಿಡ್ತದಲ್ಲಾ ಅನ್ನೋ ಚಿಂತಿ ಇವಾನರಿಗೆ. ಅದೇ ಸಪ್ಟೆಂಬರಿನಾಗ ಖಾಸಗಿ ವೆಲ್ಷ್ ಸಾಲಿ ತಗದೇಬಿಟ್ರು. ಮಕ್ಕಳು ಏಳೇ ಏಳು. ಅದರಾಗ ಅವರ ಮಗನೂ ಒಬ್ಬ. ಕಲಿಸೋ ಅಕ್ಕೋರು ನೋರಾ ಐಸಾಕ್. ಅದನ್ನ ನೋಡಿ ಧೈರ್ಯ ಬಂತು. 1947ರ ಮಾರ್ಚ್ 1ಕ್ಕ, ಸಂತ ಡೇವಿಡನ ಹಬ್ಬದ ದಿನ, ಲಾನೆಲ್ಲಿಯೊಳಗ ಸರಕಾರಿ ರೊಕ್ಕದಾಗ ನಡೆಯೋ ಮೊದಲ ವೆಲ್ಷ್ ಪ್ರಾಥಮಿಕ ಸಾಲಿ ಬಾಗಲಾ ತಗೀತು.

ಈಗ ಇಂಥ ಸಾಲ್ಯಾಗ ಸಣ್ಣವರಿಗೆ ಲೆಕ್ಕ, ಹಾಡು, ಆಟ ಎಲ್ಲಾ ವೆಲ್ಷ್‌ನಾಗೇ. ಏಳು ವರ್ಷದ ಸುಮಾರಿಗೆ ಇಂಗ್ಲಿಷ್ ಪಾಠ ಸುರು. ಮುಂದ ಎರಡೂ ಬರ್ತಾವ. ಎಷ್ಟೋ ಮನ್ಯಾಗ ಅಜ್ಜಿಗೆ ಬರ್ತಿತ್ತು, ಅವ್ವಗ ಬಿಟ್ಟುಹೋತು, ಮಗಳು ಸಾಲಿಯಿಂದ ತಿರಗಿ ತರ್ತಾಳ. ಆ ಅವ್ವಂದಿರು ಮಗಳ ಹೋಮ್‌ವರ್ಕಿನ ಸಲುವಾಗಿ ತಾವೂ ಕ್ಲಾಸಿಗೆ ಹೋಗಿ ಕಲೀತಾರ.

ಆದ್ರ ಗಂಟಿ ಹೊಡೀತು ಅಂದ್ರ, ಆಟದ ಬೈಲಾಗ ಭಾಳ ಮಕ್ಕಳು ಇಂಗ್ಲಿಷಿಗೇ ಹೊಳ್ಳತಾರ. 2021ರ ಜನಗಣತ್ಯಾಗ ವೆಲ್ಷ್ ಬರ್ತದ ಅಂದವರು ನೂರಕ್ಕ 17.8 ಮಂದಿ ಅಷ್ಟ. ಸಾಲಿ ಮಾತು ಕಲಸ್ತದ ಖರೆ. ಊಟಕ್ಕ ಕೂತಾಗ ಅದನ್ನ ಆಡೋದು ಮನಿಯವರ ಕೆಲಸ.

ವೈನಿ, ಅಕ್ಕಾರ, ನಿಮ್ಮ ಮನ್ಯಾಗ ಮೊಮ್ಮಕ್ಕಳು ಅಜ್ಜಿ ಜೋಡಿ ಯಾವ ಮಾತು ಆಡ್ತಾರ? ಬರದು ತಿಳಸ್ರಿ.