ನಳಿಗೆಯ ಮೇಲಿನ ಠಸ್ಸೆ: ಕಂಪನಿಯ ಕೋವಿ, ಶ್ರೀರಂಗಪಟ್ಟಣದ ಕೋವಿ

ಹಳೆಯ ಕೋವಿಯ ನಳಿಗೆಯ ಬುಡದಲ್ಲಿ, ಮದ್ದು ಹೊತ್ತಿಕೊಳ್ಳುವ ಜಾಗದ ಹತ್ತಿರ, ಉಗುರಿಗಿಂತ ಚಿಕ್ಕದಾದ ಒಂದೆರಡು ಠಸ್ಸೆಗಳು ಕಾಣುತ್ತವೆ. ಕೆಲವದರಲ್ಲಿ ಕಿರೀಟ, ಕೆಲವದರಲ್ಲಿ ಕತ್ತರಿಯಾಕಾರದಲ್ಲಿ ಇಟ್ಟ ಎರಡು ರಾಜದಂಡ, ಇನ್ನು ಕೆಲವದರಲ್ಲಿ ಬರೀ ಅಕ್ಷರ. ನಳಿಗೆಯನ್ನು ಪರೀಕ್ಷಿಸಿ ಒಪ್ಪಿಕೊಂಡದ್ದಕ್ಕೆ ಒತ್ತಿದ ಗುರುತು ಪರೀಕ್ಷಾ ಮುದ್ರೆ. ಅದರ ಪಕ್ಕದಲ್ಲೇ ಮಾಡಿದವನ ಗುರುತು, ಒಡೆತನದ ಗುರುತು, ಉಗ್ರಾಣದ ಸಂಖ್ಯೆಗಳೂ ಇರುವುದುಂಟು. ಇವುಗಳಲ್ಲಿ ಯಾವುದು ಯಾವುದೆಂದು ಬೇರ್ಪಡಿಸಿ ಓದಿದರೆ ಕೋವಿ ಎಲ್ಲಿ ಹುಟ್ಟಿತು, ಯಾರ ಕೈಗೆ ಹೋಯಿತು, ಸುಮಾರು ಯಾವ ಕಾಲದ್ದು ಎಂಬುದು ತಿಳಿಯುತ್ತದೆ.

ದಕ್ಷಿಣ ಭಾರತದಲ್ಲಿ ಈ ಓದಿಗೆ ಎರಡು ದೊಡ್ಡ ಮೂಲಗಳಿವೆ. ಒಂದು, ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಹಂಚಿಕೆಯಾದ ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳು. ಇನ್ನೊಂದು, ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ಸಂಸ್ಥಾನದ ಕೋವಿಗಳು. ಇವೆರಡೂ ಎದುರುಬದುರಾದ ಸೀಮೆಗಳಲ್ಲಿ ಇಂದಿನ ಚೆನ್ನೈನ ಸುತ್ತಮುತ್ತಲೂ ಒಂದು. ಅಲ್ಲಿಯ ಸೇಂಟ್ ಥಾಮಸ್ ಮೌಂಟ್ ಮದ್ರಾಸಿನ ಫಿರಂಗಿ ದಳದ ನೆಲೆಯಾಗಿತ್ತು. ಪೂನಮಲ್ಲಿಯಲ್ಲೂ ಕಂಪನಿಯ ದಂಡು ಇತ್ತು. 1769ರ ಮಾರ್ಚ್‌ನಲ್ಲಿ ಹೈದರ್ ಅಲಿ ಸುಮಾರು 6,000 ಕುದುರೆ ಸವಾರರೊಡನೆ ಮೌಂಟ್‌ನ ಬಳಿಗೇ ಬಂದು ನಿಂತು, ಕಂಪನಿಯನ್ನು ಮದ್ರಾಸ್ ಒಪ್ಪಂದಕ್ಕೆ ಒಪ್ಪಿಸಿದ. 1780ರ ಆಗಸ್ಟ್‌ನಲ್ಲಿ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋನ ಸೈನ್ಯ ಕಂಚಿಗೆ ಹೊರಟದ್ದೂ ಮೌಂಟ್‌ನಿಂದಲೇ. ಆ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಸುಮಾರು 3,800 ಜನರ ತುಕಡಿ ಮೈಸೂರಿನವರ ಕೈಯಲ್ಲಿ ನುಚ್ಚುನೂರಾಯಿತು.

ಪರೀಕ್ಷೆ ಏಕೆ, ಹೇಗೆ

ಆ ಕಾಲದ ನಳಿಗೆ ಬೆಸುಗೆಯಿಲ್ಲದ ಕೊಳವೆಯಲ್ಲ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಬಾಗಿಸಿ, ಅಂಚಿಗೆ ಅಂಚು ಸೇರಿಸಿ, ಬಡಿದು ಬೆಸೆಯುತ್ತಿದ್ದರು. ಆಮೇಲೆ ಒಳಗೆ ಕೊರೆದು ನಯ ಮಾಡುತ್ತಿದ್ದರು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಹೊರಗಣ್ಣಿಗೆ ಕಾಣುತ್ತಿರಲಿಲ್ಲ. ಅಂಥ ನಳಿಗೆ ಸಿಡಿದರೆ ಮೊದಲು ಹೋಗುವುದು ಹಾರಿಸಿದವನ ಎಡಗೈ ಮತ್ತು ಕಣ್ಣು. ಆದ್ದರಿಂದ ಮರದ ಹಿಡಿಗೆ ಕೂರಿಸುವ ಮೊದಲೇ ನಳಿಗೆಗೆ ರೂಢಿಗಿಂತ ಹೆಚ್ಚು ಮದ್ದು ತುಂಬಿ, ಗುಂಡು ಗಿಡಿದು, ಮರೆಯಲ್ಲಿ ನಿಂತು ಹಾರಿಸುತ್ತಿದ್ದರು. ಉಬ್ಬದೆ, ಸೀಳದೆ ಉಳಿದದ್ದಕ್ಕೆ ಪರೀಕ್ಷೆಯ ಠಸ್ಸೆ. ಒಳಹೊರಗನ್ನು ಮತ್ತೆ ಕಣ್ಣಿಟ್ಟು ನೋಡಿ ಒಪ್ಪಿದ ಮೇಲೆ ತಪಾಸಣೆಯ ಠಸ್ಸೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಮುದ್ರೆಗಳು ಜೋಡಿಯಾಗಿ ಕಾಣುವುದು ಇದರಿಂದಲೇ.

ಇಂಗ್ಲೆಂಡಿನ ಗುರುತುಗಳು

ಲಂಡನ್ನಿನ ಕೋವಿ ಕಸುಬುದಾರರ ಸಂಘಕ್ಕೆ 1637ರಲ್ಲಿ ಮೊದಲನೇ ಚಾರ್ಲ್ಸ್ ಅರಸ ಸನ್ನದು ಕೊಟ್ಟ. ಅದರ ಪರೀಕ್ಷೆಯ ಮುದ್ರೆ ಕಿರೀಟದ ಕೆಳಗೆ ಹೆಣೆದುಕೊಂಡ ಜಿ, ಪಿ ಅಕ್ಷರಗಳು. ತಪಾಸಣೆಯ ಮುದ್ರೆ ಕಿರೀಟದ ಕೆಳಗೆ ವಿ ಅಕ್ಷರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷಾ ಮನೆ 1813ರ ಕಾಯ್ದೆಯಿಂದ ನಿಂತಿತು. ಅಲ್ಲಿಯ ಮುದ್ರೆಯಲ್ಲಿ ಕಿರೀಟದ ಕೆಳಗೆ ಎರಡು ರಾಜದಂಡಗಳು ಒಂದನ್ನೊಂದು ಹಾಯುತ್ತವೆ. ದಂಡಗಳ ಸಂದಿಯಲ್ಲಿ ಬಿ, ಸಿ, ಪಿ ಇದ್ದರೆ ಅದು ಪರೀಕ್ಷೆಯ ಗುರುತು. ವಿ ಒಂದೇ ಇದ್ದರೆ ತಪಾಸಣೆಯದು. ಈ ರೂಪ 1904ರ ತನಕ ನಡೆಯಿತು. ಆಮೇಲೆ ಬರ್ಮಿಂಗ್‌ಹ್ಯಾಮ್ ಕಿರೀಟದ ಕೆಳಗೆ ಅಕ್ಷರಗಳನ್ನಷ್ಟೇ ಇಟ್ಟುಕೊಂಡಿತು. ಎನ್, ಪಿ ಎಂಬ ಅಕ್ಷರಗಳು ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು. ಹಾಗಾಗಿ ಅವು ಕಂಡ ಕೋವಿಯನ್ನು ಚಕಮಕಿ ಕಾಲಕ್ಕೆ ಒಯ್ಯಲಾಗದು.

ಅರಸನ ಸೈನ್ಯದ ಕೋವಿಗಳ ದಾರಿ ಬೇರೆ. ಚಕಮಕಿ ಕಲ್ಲು ಹಿಡಿದು ಬಡಿಯುವ ಕುದುರೆ ಕೂರಿಸಿದ ಉಕ್ಕಿನ ತಟ್ಟೆಯ ಮೇಲೆ ಕಿರೀಟ, ಜಿ ಮತ್ತು ಆರ್ ಅಕ್ಷರಗಳು, ಟವರ್ ಎಂಬ ಹೆಸರು, ಸರ್ಕಾರಿ ಸೊತ್ತೆಂದು ಸಾರುವ ಅಗಲ ಬಾಣದ ಗುರುತು ಇರುತ್ತವೆ. ನಳಿಗೆಯ ಬುಡದಲ್ಲಿ ಕಿರೀಟದೊಂದಿಗಿನ ರಾಜದಂಡಗಳು ಇಲ್ಲೂ ಬರುತ್ತವೆ. ರಾಜದಂಡ ಕಂಡ ಮಾತ್ರಕ್ಕೆ ಅದು ಬರ್ಮಿಂಗ್‌ಹ್ಯಾಮ್‌ನದ್ದೆಂದು ತೀರ್ಮಾನಿಸಿದರೆ 1813ಕ್ಕಿಂತ ಹಳೆಯ ಸೈನ್ಯದ ಕೋವಿಯ ಕಾಲವೇ ತಪ್ಪುತ್ತದೆ.

ಕಂಪನಿಯ ಹೃದಯ, ಕಂಪನಿಯ ಸಿಂಹ

ಈಸ್ಟ್ ಇಂಡಿಯಾ ಕಂಪನಿ ತನ್ನ ಕೋವಿಗಳನ್ನು ಲಂಡನ್ನಿನ ಕಸುಬುದಾರರಿಗೆ ಗುತ್ತಿಗೆ ಕೊಟ್ಟು ಮಾಡಿಸುತ್ತಿತ್ತು. ಅವುಗಳ ತಟ್ಟೆಯ ಮೇಲೆ ಒತ್ತಿದ್ದು ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ವ್ಯಾಪಾರದ ಗುರುತನ್ನೇ: ನಾಲ್ಕು ಭಾಗವಾದ ಹೃದಯ, ಒಳಗೆ ವಿ, ಇ, ಐ, ಸಿ ಅಕ್ಷರಗಳು, ಮೇಲೆ ನಾಲ್ಕರ ಅಂಕಿಯಂಥ ಚಿಹ್ನೆ. ಇಲ್ಲಿ ವಿ ಎಂಬುದು ಹಳೆಯ ಬರವಣಿಗೆಯಲ್ಲಿ ಯು. ಸಂಯುಕ್ತ ಕಂಪನಿ ಎಂಬುದರ ಮೊದಲಕ್ಷರ. 1808ರಿಂದ ಹೃದಯದ ಬದಲು ಹಿಂಗಾಲ ಮೇಲೆ ನಿಂತ ಸಿಂಹ ಬಂತು. ಹೀಗಾಗಿ ಹೃದಯವಿದ್ದರೆ ಮೈಸೂರು ಯುದ್ಧಗಳ ಕಾಲದ ಆಸುಪಾಸು, ಸಿಂಹವಿದ್ದರೆ ಅದರ ನಂತರ ಎಂದು ಮೊದಲ ನೋಟಕ್ಕೇ ವಿಂಗಡಿಸಬಹುದು. 1858ರಲ್ಲಿ ಆಡಳಿತ ಬ್ರಿಟಿಷ್ ರಾಜಮನೆತನಕ್ಕೆ ಹೋದ ಮೇಲೆ ಕಂಪನಿಯ ಗುರುತಿಗೆ ಎಡೆಯಿಲ್ಲವಾಯಿತು.

ಅಳತೆಯೂ ಮುದ್ರೆಗೆ ಸಾಕ್ಷಿ ಹೇಳುತ್ತದೆ. ಅರಸನ ಕಾಲಾಳು ಹಿಡಿಯುತ್ತಿದ್ದ ಕೋವಿಯ ನಳಿಗೆ 42 ಅಂಗುಲ; ಕಂಪನಿಯದು 39 ಅಂಗುಲ. ಫ್ರಾನ್ಸಿನೊಡನೆ ಯುದ್ಧ ಬಿದ್ದು ಆಯುಧಗಳು ಸಾಲದೆ ಹೋದಾಗ ಬ್ರಿಟಿಷ್ ಸರ್ಕಾರ ಕಂಪನಿಯ ದಾಸ್ತಾನನ್ನೇ ತೆಗೆದುಕೊಂಡಿತು. 1797ರಲ್ಲಿ ಆ ಮಾದರಿಯನ್ನು ತನ್ನದಾಗಿಸಿಕೊಂಡು ಇಂಡಿಯಾ ಮಾದರಿ ಎಂದು ಕರೆಯಿತು. ಆದ್ದರಿಂದ 39 ಅಂಗುಲದ ನಳಿಗೆಯ ಮೇಲೆ ಅರಸನ ಮುದ್ರೆ ಕಂಡರೆ ಅದು ಅಸಂಗತವಲ್ಲ.

ಶ್ರೀರಂಗಪಟ್ಟಣದ ಗುರುತುಗಳು

ಟಿಪ್ಪುವಿನ ಕಾರ್ಖಾನೆಗಳು ಹಳೆಯ ಬತ್ತಿಕೋವಿಗಳನ್ನು ಬಿಟ್ಟು ಚಕಮಕಿ ಕೋವಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಬಳಿ ಹೋದ ಮೈಸೂರಿನ ರಾಯಭಾರಿಗಳು ಬೇಡಿದ್ದರಲ್ಲಿ ನುರಿತ ಕಸುಬುದಾರರೂ ಸೇರಿದ್ದರು. 1799ರ ಮೇ 4ರಂದು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಕಂಪನಿಯವರು ಬರೆದಿಟ್ಟ ಲೆಕ್ಕ ಆ ಉದ್ಯಮದ ಗಾತ್ರವನ್ನು ತೋರಿಸುತ್ತದೆ: 929 ಫಿರಂಗಿ, ಸುಮಾರು 99,000 ಕೋವಿ ಮತ್ತು ಗಿಡ್ಡಕೋವಿ, ಸಣ್ಣ ಆಯುಧ ತಯಾರಿಸುವ 11 ಕಾರ್ಖಾನೆ, ಫಿರಂಗಿ ಎರಕದ 2 ಮನೆ, ನಳಿಗೆ ಕೊರೆಯುವ ಯಂತ್ರಗಳಿದ್ದ 3 ಕಟ್ಟಡ.

ಇಲ್ಲಿಯ ಠಸ್ಸೆಗಳ ಮುಖ್ಯ ಲಕ್ಷಣ ಬಬ್ರಿ, ಅಂದರೆ ಹುಲಿಪಟ್ಟೆ. ನಡು ಅಗಲವಾಗಿ ತುದಿ ಚೂಪಾಗಿ ಬಾಗಿದ ಈ ಆಕಾರವನ್ನು ಟಿಪ್ಪು ಸೈನಿಕರ ಉಡುಪಿಗೂ ಸಿಂಹಾಸನಕ್ಕೂ ಆಯುಧಕ್ಕೂ ಬಳಸಿದ. ಕೋವಿಗಳಲ್ಲಿ ಹೈದರ್ ಎಂಬ ಹೆಸರಿನ ಚಿಕ್ಕ ಠಸ್ಸೆ ಸಿಗುತ್ತದೆ. ಹೈದರನ ಮೊದಲಕ್ಷರ ಮೈಸೂರಿನ ನಾಣ್ಯಗಳ ಮೇಲೂ ಇದೆ. ಕೆಲವು ನಳಿಗೆಗಳಲ್ಲಿ ಚೌಕದ ಮನೆಗಳೊಳಗೆ ಅಂಕಿ ಬರೆದ ರಕ್ಷಾಯಂತ್ರವೂ ಇದೆ. ‘ದೇವರ ಸಿಂಹವೇ ವಿಜಯಿ’ ಎಂಬ ಅರ್ಥದ ಅರಬ್ಬಿ ಮಾತನ್ನು ಹುಲಿಯ ಮುಖದಂತೆ ಕಾಣುವ ಹಾಗೆ ಹೆಣೆದು ಬರೆದದ್ದು ಫಿರಂಗಿಗಳಲ್ಲಿ ಪ್ರಸಿದ್ಧ. ಅರಸನ ಸ್ವಂತಕ್ಕೆ ಮಾಡಿದ ಕೋವಿಗಳಲ್ಲಿ ಕಸುಬುದಾರನ ಹೆಸರು, ಪಟ್ಟಣ (ಅಂದರೆ ಶ್ರೀರಂಗಪಟ್ಟಣ) ಎಂಬ ಊರ ಹೆಸರು ಮತ್ತು ವರ್ಷ ಕೆತ್ತಿರುವುದುಂಟು.

ವರ್ಷವನ್ನು ಓದುವಾಗ ಎಚ್ಚರ ಬೇಕು. 1780ರ ದಶಕದ ಕೊನೆಗೆ ಟಿಪ್ಪು ಹಿಜರಿ ಲೆಕ್ಕವನ್ನು ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಲೆಕ್ಕವನ್ನು ಜಾರಿಗೆ ತಂದ. ಅವನ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದೆ; ಎಡದಿಂದ ಓದಿದವರಿಗೆ 2221 ಎಂದು ಕಾಣುವುದು ನಿಜಕ್ಕೂ 1222. ಇದಕ್ಕೆ 572 ಕೂಡಿಸಿದರೆ 1794–95 ಬರುತ್ತದೆ. ಅದನ್ನೇ ಹಿಜರಿ ಎಂದು ತಿಳಿದರೆ ವರ್ಷ 1807ಕ್ಕೆ ಜಾರಿ, ಕೋವಿ ಟಿಪ್ಪುವಿನ ಮರಣಾನಂತರದ್ದಾಗಿಬಿಡುತ್ತದೆ.

ಇಲ್ಲೊಂದು ಮೂಲಭೂತ ವ್ಯತ್ಯಾಸವಿದೆ. ಲಂಡನ್ನಿನ ಮುದ್ರೆ ಮಾಡಿದವನಿಗೂ ಕೊಳ್ಳುವವನಿಗೂ ನಡುವೆ ನಿಂತ ಮೂರನೆಯವರ ಮಾತು. ಶ್ರೀರಂಗಪಟ್ಟಣದ್ದು ಅರಸನ ಕಾರ್ಖಾನೆ ಅರಸನ ಉಗ್ರಾಣಕ್ಕೆ ಒತ್ತಿದ ಗುರುತು. ಮೊದಲನೆಯದು ಪರೀಕ್ಷೆಗೆ ಸಾಕ್ಷಿ, ಎರಡನೆಯದು ಹುಟ್ಟಿಗೆ ಮತ್ತು ಒಡೆತನಕ್ಕೆ ಸಾಕ್ಷಿ. ಬಬ್ರಿಯಿರುವ ಎಲ್ಲ ಠಸ್ಸೆಯನ್ನೂ ಪರೀಕ್ಷಾ ಮುದ್ರೆ ಎಂದು ಕರೆಯುವುದು ಸರಿಯಲ್ಲ.

1799ರ ನಂತರ ಈ ಕೋವಿಗಳು ಲೂಟಿಯ ಪಾಲಾಗಿ ಅಧಿಕಾರಿಗಳ ಮನೆಗಳಿಗೂ ಬ್ರಿಟನ್ನಿನ ಸಂಗ್ರಹಗಳಿಗೂ ಚದುರಿದವು. ಸಂಗ್ರಾಹಕ ರಾಬಿನ್ ವಿಗಿಂಗ್ಟನ್ ಅವುಗಳಲ್ಲಿ ಹಲವನ್ನು ಹುಡುಕಿ ಕೂಡಿಸಿ, ಗುರುತುಗಳನ್ನು ವಿವರಿಸುವ ಗ್ರಂಥವನ್ನು 1992ರಲ್ಲಿ ಪ್ರಕಟಿಸಿದರು. 2005ರಲ್ಲಿ ಆ ಸಂಗ್ರಹ ಲಂಡನ್ನಿನಲ್ಲಿ ಹರಾಜಾಗಿ ಮತ್ತೆ ಚದುರಿತು. ಚೆನ್ನೈನಲ್ಲಿ ಹಳೆಯ ಆಯುಧಗಳನ್ನು ನೋಡಬಯಸುವವರಿಗೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಸೇಂಟ್ ಜಾರ್ಜ್ ಕೋಟೆಯ ಸಂಗ್ರಹಾಲಯಗಳಿವೆ.

ಮಲೆನಾಡು, ಕೊಡಗಿನ ಕೋವಿಗಳು

ಕನ್ನಡ ನಾಡಿನ ಮನೆಗಳಲ್ಲಿ ಉಳಿದಿರುವ ಹಳೆಯ ಕೋವಿಗಳು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದವು ಮತ್ತು ಅದರ ನಂತರದವು: ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ನಡು ಮುರಿದು ತುಂಬುವ ತೋಟಾ ಕೋವಿ. ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿರಾಯುಧೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ ಕಾರಣ ಅಲ್ಲಿ ಕೋವಿ ಮನೆತನದ ಸೊತ್ತಾಗಿ ಉಳಿದು, ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಪೂಜೆ ಪಡೆಯುತ್ತದೆ.

ತೋಟಾ ಕೋವಿಯಲ್ಲಿ ಮುದ್ರೆ ಹುಡುಕಬೇಕಾದದ್ದು ನಳಿಗೆಯ ಮೇಲಲ್ಲ, ಅಡಿಯಲ್ಲಿ. ಮುಂದಿನ ಮರದ ತುಂಡನ್ನು ಬಿಡಿಸಿ ನಳಿಗೆ ಕಳಚಿದರೆ ಸಮತಟ್ಟಾದ ಭಾಗದಲ್ಲಿ ಠಸ್ಸೆಗಳ ಸಾಲೇ ಕಾಣುತ್ತದೆ. ಅಲ್ಲಿ 12 ಎಂದಿದ್ದರೆ ಅದು ನಳಿಗೆಯ ಬೋರು. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ ಒಂದೊಂದರ ಅಡ್ಡಗಲ ಸುಮಾರು 18.5 ಮಿಲಿಮೀಟರ್, ಆ ಗುಂಡು ಹಿಡಿಸುವ ನಳಿಗೆ 12 ಬೋರಿನದು. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇ, ಎಲ್, ಜಿ ಅಕ್ಷರಗಳಿದ್ದರೆ ಕೋವಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಪರೀಕ್ಷೆಯಾದದ್ದು. ಆ ಚೌಕಟ್ಟಿನ ಮೇಲೆ ಕಿರೀಟವಿದ್ದರೆ 1893ರ ನಂತರದ್ದು. ಇಂಗ್ಲೆಂಡಿನ ಅಂಗಡಿಯ ಹೆಸರು ಕೆತ್ತಿದ ಕೋವಿಯ ಅಡಿಯಲ್ಲಿ ಲಿಯೇಜಿನ ಮುದ್ರೆ ಸಿಗುವುದುಂಟು. ಆಗ ನಳಿಗೆಯ ಹುಟ್ಟಿನ ವಿಷಯದಲ್ಲಿ ನಂಬಬೇಕಾದದ್ದು ಅಡಿಯ ಮುದ್ರೆಯನ್ನು.

ಓದುವ ಕ್ರಮ

ಮೊದಲು ಮುದ್ರೆಗಳ ಜಾಗವನ್ನೂ ರೂಪವನ್ನೂ ಬರೆದಿಟ್ಟುಕೊಂಡು, ಓರೆ ಬೆಳಕಿನಲ್ಲಿ ಚಿತ್ರ ತೆಗೆಯಬೇಕು. ನೇರ ಬೆಳಕಿನಲ್ಲಿ ಕಾಣದ ಸವೆದ ಠಸ್ಸೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಎರಡನೆಯದಾಗಿ ನಳಿಗೆ, ತಟ್ಟೆ, ಮರ ಮೂರನ್ನೂ ಬೇರೆಬೇರೆಯಾಗಿ ಓದಬೇಕು. ಒಡೆದ ಕೋವಿಯ ನಳಿಗೆಯನ್ನು ಇನ್ನೊಂದರ ಮರಕ್ಕೆ ಜೋಡಿಸುವುದು ಎಲ್ಲ ಕಾಲದಲ್ಲೂ ನಡೆದಿದೆ. ಮೂರನೆಯದಾಗಿ, ಅತಿ ಈಚಿನ ಗುರುತು ಯಾವುದೋ ಅದರಿಂದ ಕಾಲವನ್ನು ಕಟ್ಟಬೇಕು. ಹಳೆಯ ನಳಿಗೆಗೆ ಹೊಸ ಮುದ್ರೆ ಬೀಳಬಹುದು, ಮುದ್ರೆ ತಾನು ಹುಟ್ಟುವ ಮೊದಲೇ ಬೀಳಲಾರದು.

ನಕಲಿಗಳನ್ನು ಹಿಡಿಯುವುದೂ ಮುದ್ರೆಯಿಂದಲೇ. ವಾಯವ್ಯ ಗಡಿಯ ಕಮ್ಮಾರರು ಟವರ್ ಹೆಸರನ್ನೂ ಕಿರೀಟವನ್ನೂ ನಕಲು ಮಾಡಿದರು. ಅಕ್ಷರ ತಿಳಿಯದವರ ಕೈಯಲ್ಲಿ ಅವು ತಿರುಗುಮುರುಗಾದವು. ಹುಲಿಯ ಗುರುತಿಗೆ ಬೆಲೆ ಬಂದ ಮೇಲೆ ಸಾಧಾರಣ ಕೋವಿಗೂ ಹುಲಿಪಟ್ಟೆ ಕೆತ್ತುವ ಆಸೆ ಹುಟ್ಟುವುದು ಸಹಜ. ಉಕ್ಕಿನ ಅಚ್ಚಿನಿಂದ ಹೊಡೆದ ಠಸ್ಸೆಯ ಅಂಚಿನಲ್ಲಿ ಲೋಹ ಸ್ವಲ್ಪ ಒತ್ತಿ ಮೇಲೆದ್ದಿರುತ್ತದೆ, ತಳದಲ್ಲಿ ಸುತ್ತಲಿನಷ್ಟೇ ಹಳೆಯ ತುಕ್ಕು ಇರುತ್ತದೆ. ಉಳಿಯಿಂದ ಕೆತ್ತಿದ್ದರಲ್ಲಿ ಗೀರಿನ ಜಾಡು ಕಾಣುತ್ತದೆ. ಎರಕದ ನಕಲಿನಲ್ಲಿ ಅಂಚೆಲ್ಲ ಮೊಂಡಾಗಿರುತ್ತದೆ.

ಮುದ್ರೆಗೆ ದೊಡ್ಡ ಶತ್ರು ಹೊಳಪಿನ ಆಸೆ. ಮರಳುಕಾಗದದಿಂದ ಒಮ್ಮೆ ಉಜ್ಜಿದರೆ ಇನ್ನೂರು ವರ್ಷ ಉಳಿದ ಠಸ್ಸೆ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ. ತೆಳುವಾದ ಎಣ್ಣೆ, ಹತ್ತಿಬಟ್ಟೆ ಇಷ್ಟೇ ಸಾಕು. ಹಳೆಯ ಮುದ್ರೆ ಇದೆಯೆಂದು ಕೋವಿಯನ್ನು ಹಾರಿಸಲೂಬಾರದು; ಪರೀಕ್ಷೆಯಾದದ್ದು ಅಂದಿನ ಕಬ್ಬಿಣ, ಇಂದಿನ ತುಕ್ಕಲ್ಲ. ಕೋವಿಯ ಮೇಲಿನ ಗುರುತನ್ನು ಅಳಿಸುವುದು, ತಿದ್ದುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಗಳಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮನೆಯ ಅಟ್ಟದಲ್ಲಿ ಅಂಥ ಕೋವಿ ಸಿಕ್ಕವರು ಅದನ್ನು ಉಜ್ಜದೆ, ಮೊದಲು ಅದರೊಳಗೆ ಈಡು ಉಳಿದಿಲ್ಲವೆಂದು ಬಲ್ಲವರಿಂದ ಖಾತ್ರಿ ಮಾಡಿಸಿಕೊಂಡು, ಠಸ್ಸೆಗಳ ಚಿತ್ರ ತೆಗೆದಿಟ್ಟು, ಪೊಲೀಸ್ ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು.